ಗಾಯದ ಪುಸ್ತಕದಲ್ಲಿ ಮೊದಲೇ ಬರೆದಿಟ್ಟ ಕಾರಣ

ಮಾಲೂರು, ೧೯೪೭ ಫೆಬ್ರವರಿ ೯, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ.

ಕೆಲಸದಿಂದ ನಿವೃತ್ತನಾದವನು ಎಂದರೆ ಓದುವವರು ನರೆತ ಮೀಸೆಯನ್ನೂ ಊರುಗೋಲನ್ನೂ ಊಹಿಸಿಕೊಳ್ಳುತ್ತಾರೆ. ನನ್ನ ಮೀಸೆ ಇನ್ನೂ ಕಪ್ಪಗಿದೆ. ಊರುಗೋಲು ಮಾತ್ರ ನಿಜ. ನನಗೆ ಈಗ ಮೂವತ್ತೊಂದು ವರ್ಷ, ನಿವೃತ್ತನಾದದ್ದು ಇಪ್ಪತ್ತೆಂಟಕ್ಕೆ. ಬೇರೆಯವರನ್ನು ವಯಸ್ಸು ಮನೆಗೆ ಕಳಿಸುತ್ತದೆ. ನನ್ನನ್ನು ಕಳಿಸಿದ್ದು ಇಪ್ಪತ್ತು ಅಡಿ ಮೇಲಿನಿಂದ ಎಡ ಮೊಣಕಾಲಿನ ಮೇಲೆ ಬಂದ ಸರ್ವೆ ಮರದ ಒಂದು ಉದ್ದನೆಯ ಗಳು.

ಆರು ವರ್ಷ ಐದು ತಿಂಗಳು ನಾನು ಕಟ್ಟಡದ ಕೆಲಸದಲ್ಲಿ ಗುಮಾಸ್ತನಾಗಿದ್ದೆ. ಕೋಲಾರದ ಒಬ್ಬ ಕಂಟ್ರಾಕ್ಟರು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯೆಲ್ಲ ಖಾಸಗಿ ಕಟ್ಟಡಗಳನ್ನು ಹಿಡಿದಿದ್ದರು. ಈಗ ಅವರೂ ಇಲ್ಲ, ಅವರ ವ್ಯವಹಾರವೂ ಇಲ್ಲ. ಹೆಸರು ಬೇಡ. ಯುದ್ಧ ಮುಗಿದ ಮೇಲೆ ಎಲ್ಲರೂ ಕಟ್ಟುತ್ತಿದ್ದಾರೆ, ಎಲ್ಲರಿಗೂ ಗುಮಾಸ್ತರು ಬೇಕಾಗಿದ್ದಾರೆ. ಲಕ್ಕೂರಿನ ಕಡೆಯಿಂದ ಹುಡುಗರು ಬಂದು, "ಆ ಕೆಲಸ ಹೆಂಗಿರ್ತದೆ ಸಾರ್?" ಎಂದು ಕೇಳುತ್ತಾರೆ. ಅವರಿಗಾಗಿ ಪತ್ರಿಕೆಗೆ ಬರೆಯುತ್ತಿರುವ ಲೇಖನ ಇದು. ಇನ್ನೊಂದು ಉದ್ದೇಶವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾನು ಬರೆದ ಎರಡು ಪದಗಳಿಂದ ಒಬ್ಬ ಹೆಂಗಸು ಕೆಲಸ ಕಳೆದುಕೊಂಡಳು. ಅವಳ ಹೆಸರು ಮುನಿಯಮ್ಮ. ಆ ಪದಗಳನ್ನು ವಾಪಸು ತೆಗೆದುಕೊಳ್ಳಬೇಕಾಗಿದೆ.

ಮೊದಲು ಪುಸ್ತಕಗಳ ವಿಷಯ. ಕಟ್ಟಡದ ಗುಮಾಸ್ತನಿಗೆ ಮೂರು ಪುಸ್ತಕ. ಒಂದು ಆಳುಗಳ ಹಾಜರಿಯದು, ಒಂದು ಸಾಮಾನಿನದು. ಮೂರನೆಯದು ಗಾಯದ ಪುಸ್ತಕ. ಅದರಲ್ಲಿ ಐದು ಕಾಲಂ: ತಾರೀಖು, ಹೆಸರು, ಬಿದ್ದ ವಸ್ತು, ಪೆಟ್ಟಾದ ಜಾಗ, ಕಾರಣ. ನಾನು ಕೆಲಸಕ್ಕೆ ಸೇರಿದ ದಿನ, ೧೯೩೮ ಮಾರ್ಚ್ ೧೪, ಸೋಮವಾರ, ಓವರ್ಸೀಯರ್ ಶೇಷಗಿರಿರಾಯರು ಈ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಅಕ್ಷರ ಚೆನ್ನಾಗಿದೆಯಂತಲ್ಲ ನಿಂದು. ಹತ್ತು ಹಾಳೆಗೆ ಕೊನೇ ಕಾಲಂ ಬರೆದಿಟ್ಟುಬಿಡು."

"ಏನಂತ ಬರೀಲಿ ಸಾರ್?"

"ಸ್ವಂತ ಅಜಾಗರೂಕತೆ."

"ಇನ್ನೂ ಯಾರಿಗೂ ಏನೂ ಆಗಿಲ್ವಲ್ಲ ಸಾರ್."

"ಆಗೋದು ಯಾವತ್ತು ಅಂತ ಗೊತ್ತಿಲ್ಲ ಕಣಯ್ಯ. ಕಾರಣ ಗೊತ್ತಲ್ಲ. ಗೊತ್ತಿರೋದನ್ನ ಬರೆದಿಡು. ಆಮೇಲೆ ಗಡಿಬಿಡೀಲಿ ಅಕ್ಷರ ಕೆಡ್ತದೆ."

ಬರೆದೆ. ಒಂದು ಹಾಳೆಗೆ ಇಪ್ಪತ್ತು ಸಾಲು, ಹತ್ತು ಹಾಳೆಗೆ ಇನ್ನೂರು. ಮಧ್ಯಾಹ್ನದೊಳಗೆ ಮುಗಿಯಿತು. ಇನ್ನೂರು ಅಪಘಾತಗಳ ಕಾರಣವನ್ನು ಒಂದೂ ಅಪಘಾತ ನೋಡದೆ ಬರೆದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವತ್ತಿನ ನನ್ನ ದಿನಚರಿಯಲ್ಲಿ ಇರುವುದು ಇಷ್ಟು: "ಸಾಲುಗಳು ನೇರವಾಗಿ ಬಂದವು. ಓ. ಸಂತೋಷಪಟ್ಟರು."

ಅದು ಮಾಲೂರಿನ ಒಂದು ಎಣ್ಣೆ ಮಿಲ್ಲಿನ ಕಟ್ಟಡ. ಗೋಡೆ ಎದ್ದಂತೆಲ್ಲ ಗಾರೆಯವರು ನಿಲ್ಲುವುದಕ್ಕೆ ಗಳು, ಹಗ್ಗ, ಹಲಗೆಗಳಿಂದ ಸಾರುವೆ ಕಟ್ಟುತ್ತಿದ್ದರು. ಕೆಳಗಿನವನು ಇಟ್ಟಿಗೆಯನ್ನು ಮೇಲಕ್ಕೆ ಎಸೆಯುವುದು, ನಡುವಿನವನು ಹಿಡಿದು ಇನ್ನೂ ಮೇಲಕ್ಕೆ ಎಸೆಯುವುದು. ಸಾಮಾನ್ಯವಾಗಿ ಹಿಡಿಯುತ್ತಿದ್ದರು. ಹಿಡಿಯದಿದ್ದಾಗ ಮೇಲಿನಿಂದ "ಜರುಗು, ಜರುಗು" ಎಂದು ಕೂಗುವುದು ಪದ್ಧತಿ. ಇಟ್ಟಿಗೆ ಮೊದಲು ಬರುತ್ತಿತ್ತು, ಕೂಗು ಆಮೇಲೆ.

ಗಾರೆಯವರ ಮೇಸ್ತ್ರಿ ಪಾಪಣ್ಣ. ನಂಗಲಿಯ ಕಡೆಯವನು. ಮನೆಮಾತು ತೆಲುಗು, ಕೆಲಸದ ಮಾತು ಅರ್ಧ ತೆಲುಗು ಅರ್ಧ ಕನ್ನಡ. ನಾನು ಸೇರಿದ ಎರಡನೆಯ ದಿನ ಗೋಡೆಯ ಬುಡದಲ್ಲಿ ತಲೆಯೆತ್ತಿ ನೋಡುತ್ತ ನಿಂತಿದ್ದೆ. ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಮೇಲ್ಗಡೆ ನೋಡ್ಬೇಡಿ ಸ್ವಾಮಿ. ನೋಡಿದ್ರೆ ಮುಖಕ್ಕೆ ಬೀಳ್ತದೆ."

"ನೋಡದೇ ಇದ್ರೆ?"

"ತಲೆಗೆ ಬೀಳ್ತದೆ. ತಲೆಗಾದ್ರೆ ರುಮಾಲೈತೆ, ಮುಖಕ್ಕೇನೈತೆ?"

ಕೆಲಸದ ಜಾಗದಲ್ಲಿ ಗಟ್ಟಿಯಾದ ಹ್ಯಾಟು ಇದ್ದದ್ದು ಒಂದೇ. ಅದು ಶೇಷಗಿರಿರಾಯರದು. ಅವರು ಗೋಡೆಯಿಂದ ನಲವತ್ತು ಗಜ ದೂರದಲ್ಲಿ, ಕೊಡೆ ಕಟ್ಟಿದ ಕುರ್ಚಿಯಲ್ಲಿ ಅದನ್ನು ಹಾಕಿಕೊಂಡು ಕೂರುತ್ತಿದ್ದರು. ಆಕಾಶವೇ ಕಳಚಿ ಬಿದ್ದಿದ್ದರೂ ನಮ್ಮ ಪೈಕಿ ಅವರೊಬ್ಬರು ಉಳಿಯುತ್ತಿದ್ದರು.

ಏಪ್ರಿಲಿನಲ್ಲಿ ಒಂದೇ ವಾರ ಮೂವರಿಗೆ ಪೆಟ್ಟಾಯಿತು. ಕಂಟ್ರಾಕ್ಟರು ಕೋಲಾರದಿಂದ ಬಂದು ಸಾರುವೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದು ದೃಷ್ಟಿ ಎಂದು ತೀರ್ಮಾನಿಸಿದರು. ಅಲ್ಲಾಡುತ್ತಿದ್ದ ಹಲಗೆಯನ್ನು ಅವರಿಗೆ ತೋರಿಸಿದೆವು. ಅವರು ಬೂದುಗುಂಬಳಕಾಯಿ ತರಿಸಿದರು. ಸಣ್ಣದಲ್ಲ. ದೃಷ್ಟಿ ದೊಡ್ಡದಾದ್ದರಿಂದ ಕಾಯಿಯೂ ದೊಡ್ಡದು. ಅದನ್ನು ಸಾರುವೆಯ ತುತ್ತತುದಿಯಲ್ಲಿ, ಎಲ್ಲರಿಗೂ ಕಾಣುವಂತೆ, ಸೆಣಬಿನ ದಾರದಲ್ಲಿ ಕಟ್ಟಿಸಿದರು. ಪಾಪಣ್ಣ ಕೆಳಗೆ ನಿಂತು ನೋಡಿ, "ಇದುವರ್ಗೂ ಇಟ್ಟಿಗೆ ಒಂದೇ ಭಯ ಇತ್ತು" ಎಂದ.

ಇಪ್ಪತ್ತಮೂರನೆಯ ದಿನ ಕಾಯಿ ಕೊಳೆತು ದಾರ ಬಿಟ್ಟಿತು. ಶೇಷಗಿರಿರಾಯರು ವರ್ಷಕ್ಕೊಮ್ಮೆ ಗೋಡೆಯ ಹತ್ತಿರ ಬರುವವರು. ಅವತ್ತು ಬಂದಿದ್ದರು. ಹ್ಯಾಟು ಕುರ್ಚಿಯ ಮೇಲೆ ಬಿಟ್ಟು ಬಂದಿದ್ದರು. ಕಾಯಿ ಅವರ ಬಲ ಭುಜಕ್ಕೆ ತಗುಲಿ ಒಡೆಯಿತು. ಮೂಳೆಗೆ ಏನೂ ಆಗಲಿಲ್ಲ, ಕೋಟಿಗೆ ಎಲ್ಲವೂ ಆಯಿತು. ಹೆಣ್ಣಾಳುಗಳು ಸೆರಗು ಬಾಯಿಗೆ ಅಡ್ಡ ಹಿಡಿದು ಬೆನ್ನು ತಿರುಗಿಸಿ ನಿಂತರು.

ನಾನು ನಿಯಮದ ಪ್ರಕಾರ ಗಾಯದ ಪುಸ್ತಕ ತೆರೆದು ತುಂಬಿದೆ. ಹೆಸರು: ಓವರ್ಸೀಯರ್ ಶೇಷಗಿರಿರಾಯರು. ಬಿದ್ದ ವಸ್ತು: ಬೂದುಗುಂಬಳಕಾಯಿ, ಒಂದು. ಜಾಗ: ಬಲ ಭುಜ. ಕೊನೆಯ ಕಾಲಂ ಮೊದಲೇ ತುಂಬಿತ್ತು. ಇದರಲ್ಲಿ ತುಂಟತನವೇನೂ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಿಜವಾಗಿಯೂ ಇರಲಿಲ್ಲ. ಸಾಲು ಖಾಲಿ ಬಿಡಬಾರದು ಎಂದಷ್ಟೇ ನನಗೆ ಗೊತ್ತಿತ್ತು.

ಸಂಜೆ ಅವರು ಪುಸ್ತಕ ನೋಡಿದರು. ಬಹಳ ಹೊತ್ತು ನೋಡಿದರು.

"ಇದೇನಯ್ಯ ಇದು?"

"ಕಾರಣ ಮೊದಲೇ ಬರೆದಿತ್ತು ಸಾರ್."

"ಹರಿ ಇದನ್ನ."

"ಇಡೀ ಹಾಳೇನಾ ಸಾರ್? ಇನ್ನೂ ಹದಿಮೂರು ಜನ ಇದ್ದಾರೆ ಇದರಲ್ಲಿ."

"ಅವರನ್ನ ಬೇರೆ ಹಾಳೇಲಿ ಬರಿ. ನನ್ನನ್ನ ಬಿಟ್ಟು."

ಹರಿದೆ. ಹದಿಮೂರು ಜನರನ್ನು ಹೊಸ ಹಾಳೆಗೆ ಏರಿಸಿದೆ. ಆಮೇಲಿನ ಹಾಳೆಗಳ ಸಂಖ್ಯೆಯನ್ನೆಲ್ಲ ಚಾಕುವಿನಿಂದ ಕೆರೆದು ಸರಿಪಡಿಸಿದೆ. ಪುಸ್ತಕದ ಹಾಳೆ ಹರಿಯಬಹುದು, ತಿದ್ದಿ ಬರೆಯಬಹುದು, ಹಾಗೆ ಮಾಡಿದರೆ ಯಾವ ಗೋಡೆಯೂ ಕುಸಿಯುವುದಿಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. ಕಲಿತದ್ದನ್ನು ಬೇಕಾದಾಗ ಉಪಯೋಗಿಸಲಿಲ್ಲ. ಅದು ಮುಂದೆ ಬರುತ್ತದೆ.

ಗಾಯದ ಪುಸ್ತಕ ಅವರದು, ದಿನಚರಿ ನನ್ನದು. ದಿನಚರಿಯಲ್ಲಿ ನಾನು ವಸ್ತು ಬಿದ್ದ ಹೊತ್ತನ್ನೂ ಬರೆಯುತ್ತಿದ್ದೆ. ಮಾಲೂರಿನ ಕಟ್ಟಡ ಮುಗಿದಾಗ ಕೂಡಿಸಿ ನೋಡಿದೆ. ಜನರ ಮೈಮೇಲೆ ಬಿದ್ದವು ಒಟ್ಟು ೪೬: ಇಟ್ಟಿಗೆ ೧೯, ಗಾರೆ ಬಾಂಡ್ಲಿ ೯, ಗಳು ಮತ್ತು ಹಲಗೆ ೭, ಕರಣೆ ಮುಂತಾದ ಹತ್ಯಾರು ೬, ಕಲ್ಲು ೪, ಕುಂಬಳಕಾಯಿ ೧. ಇದರಲ್ಲಿ ವಿಶೇಷವಿಲ್ಲ. ಹೊತ್ತಿನ ಪ್ರಕಾರ ಮತ್ತೆ ಕೂಡಿಸಿದಾಗ ಲೆಕ್ಕ ತಪ್ಪಿದೆ ಎಂದುಕೊಂಡೆ. ಕೆಲಸ ನಡೆಯುವ ಎಂಟು ಗಂಟೆಗಳಲ್ಲಿ ಬಿದ್ದದ್ದು ೨೯. ಕೆಲಸ ನಿಂತಿರುವ ಒಂದು ಗಂಟೆಯಲ್ಲಿ, ಊಟದ ಹೊತ್ತಿನಲ್ಲಿ, ಬಿದ್ದದ್ದು ೧೭.

ಪಾಪಣ್ಣನಿಗೆ ತೋರಿಸಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ಊಟಕ್ಕೆ ಎಲ್ಲಿ ಕೂರ್ತಾರೆ ಸ್ವಾಮಿ? ಗೋಡೆ ನೆರಳಾಗೆ. ಸುತ್ತ ಇದ್ದ ಮರಾನೆಲ್ಲ ಕಡಿದು ಹಲಗೆ ಮಾಡ್ಕೊಂಡಿದ್ದೀವಿ. ಇನ್ನೆಲ್ಲಿ ಕೂರ್ತಾರೆ?"

"ಸರಿ, ಮೇಲೆ ಯಾರೂ ಇರಲ್ಲವಲ್ಲ ಆಗ. ಬೀಳೋದು ಹೆಂಗೆ?"

"ಮೇಲೆ ಸಾಮಾನಿರ್ತದಲ್ಲ."

ಸಾಮಾನು ಇರುವುದಕ್ಕೂ ಒಂದು ಕಾರಣವಿತ್ತು. ಒಂದು ಸಾಲು ಇಟ್ಟಿಗೆಗೆ ಗಾರೆಯವರು ಒಂದು ವರಸೆ ಎನ್ನುತ್ತಾರೆ. ವರಸೆ ಅರ್ಧದಲ್ಲಿರುವಾಗ ಕರಣೆಯನ್ನಾಗಲಿ ಗೋಡೆಯ ನೇರ ನೋಡುವ ತೂಕದ ಗುಂಡನ್ನಾಗಲಿ ಕೆಳಗಿಳಿಸಬಾರದು, ಇಳಿಸಿದರೆ ಗೋಡೆ ಮುನಿಸಿಕೊಂಡು ಬಿರುಕು ಬಿಡುತ್ತದೆ ಎಂದು ಪಾಪಣ್ಣನ ಕಡೆಯವರ ನಂಬಿಕೆ. ಊಟದ ಗಂಟೆ ಹೊಡೆದಾಗ ವರಸೆ ಯಾವಾಗಲೂ ಅರ್ಧದಲ್ಲೇ ಇರುತ್ತಿತ್ತು. ಹಾಗಾಗಿ ಎಲ್ಲವನ್ನೂ ಹಲಗೆಯ ತುದಿಯಲ್ಲಿಟ್ಟು ಜನ ಇಳಿದು ಬಂದು ಅದರ ಕೆಳಗೇ ಕೂರುತ್ತಿದ್ದರು. ಗೋಡೆಯ ಮನಸ್ಸು ನೋಯಬಾರದು, ಅಷ್ಟೆ.

ನಾನು ಓವರ್ಸೀಯರರಿಗೆ ನನ್ನ ಲೆಕ್ಕ ತೋರಿಸಿ, ಮೂವತ್ತು ಗಜ ದೂರದಲ್ಲಿ ಒಂದು ಸೋಗೆ ಚಪ್ಪರ ಹಾಕಿಸಿದರೆ ಊಟದ ಹೊತ್ತಿನ ಹದಿನೇಳೂ ತಪ್ಪುತ್ತವೆ ಎಂದೆ.

"ಚಪ್ಪರ ಹಾಕಿದ್ರೆ ಮಲಗ್ತಾರೆ ಕಣಯ್ಯ."

"ಗೋಡೆ ನೆರಳಲ್ಲೂ ಮಲಗ್ತಾರಲ್ಲ ಸಾರ್."

"ಅಲ್ಲಿ ಎಚ್ಚರವಾಗಿ ಮಲಗ್ತಾರೆ."

೧೯೪೦ರಲ್ಲಿ ನಮ್ಮ ತಂಡ ಮುಳಬಾಗಿಲಿಗೆ ಬಂತು. ಒಬ್ಬ ವರ್ತಕರು ಊರಾಚೆ ಛತ್ರ ಕಟ್ಟಿಸುತ್ತಿದ್ದರು. ಬರುವ ಹೋಗುವವರಿಗೆ ನೆರಳಾಗಲಿ ಎಂಬುದು ಅವರ ಆಶಯ. ಕಟ್ಟುವವರ ನೆರಳಿನ ವಿಷಯ ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ.

ಮುನಿಯಮ್ಮ ಅಲ್ಲಿಗೆ ದೇವರಾಯಸಮುದ್ರದಿಂದ ದಿನಾ ನಡೆದು ಬರುತ್ತಿದ್ದಳು. ಗಾರೆ ಹೊರುವ ಕೆಲಸ. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ದುಡಿಯುವ ಕೈ ಇವಳದೊಂದೇ. ತಲೆಯ ಮೇಲೆ ತುಂಬಿದ ಬಾಂಡ್ಲಿ ಇಟ್ಟುಕೊಂಡು ಏಣಿ ಹತ್ತುವಾಗಲೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ನಾನು ದಿನಚರಿ ಬರೆಯುವುದನ್ನು ಕಂಡಾಗಲೆಲ್ಲ, "ಇವತ್ತು ಎಷ್ಟು ಬಿದ್ವು ಸ್ವಾಮಿ? ನನ್ನ ಬಾಯಿಂದ ಬಿದ್ದಿದ್ದನ್ನೂ ಬರ್ಕೊಂಡ್ರಾ?" ಎನ್ನುತ್ತಿದ್ದಳು. ಪಾಪಣ್ಣನನ್ನೂ ಬಿಡುತ್ತಿರಲಿಲ್ಲ. "ಮೇಸ್ತ್ರಿ, ನಿನ್ನ ಗೋಡೆಗೆ ಅಷ್ಟು ಕೋಪ ಬರೋದಾದ್ರೆ ಅದಕ್ಕೂ ಒಂದು ಮುದ್ದೆ ಹಾಕಿಸಯ್ಯ."

ಏಪ್ರಿಲ್ ೧೮, ಗುರುವಾರ. ಒಂದು ಗಂಟೆಗೆ ಊಟಕ್ಕೆ ಬಿಟ್ಟರು. ಆ ಕಾಲದಲ್ಲಿ ಬಿಸಿಲು ನೆತ್ತಿಯ ಮೇಲೇ ಇರುತ್ತದೆ. ಪೂರ್ವದ ಗೋಡೆಯ ಬುಡದಲ್ಲಿ ನಾಲ್ಕೈದು ಅಡಿ ಅಗಲದ ನೆರಳಿನ ಪಟ್ಟೆ, ಅದರಲ್ಲಿ ಮೂವತ್ತು ಜನ ಸಾಲಾಗಿ ಗೋಡೆಗೆ ಒರಗಿ ಕುಳಿತಿದ್ದರು. ಮುಳಬಾಗಿಲಿನಲ್ಲಿ ಕೋತಿಗಳು ಬಹಳ. ಊಟದ ಬುತ್ತಿ ಬಿಚ್ಚಿದರೆ ಸಾರುವೆಯ ಮೇಲೆ ಹಾಜರಾಗುತ್ತಿದ್ದವು. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹಿತ್ತಾಳೆಯ ತೂಕದ ಗುಂಡು ಮೇಲಿನಿಂದ ಬಂದು ಮುನಿಯಮ್ಮನ ಕತ್ತಿನಿಂದ ಬಲ ಭುಜಕ್ಕೆ ಹೋಗುವ ಕೊರಳ ಮೂಳೆಗೆ ಬಿತ್ತು. ಅವಳು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ವಾಪಸು ಇಟ್ಟು, ಹಾಗೇ ಪಕ್ಕಕ್ಕೆ ವಾಲಿದಳು.

ಮೂಳೆ ಮುರಿದಿತ್ತು. ಕಟ್ಟು ಹಾಕಿಸಿದರು.

ಇಲ್ಲಿ ಒಂದು ನಿಯಮ ಹೇಳಬೇಕು. ಕಾರಣದ ಕಾಲಂನಲ್ಲಿ "ಸ್ವಂತ ಅಜಾಗರೂಕತೆ" ಎಂದಿದ್ದವರನ್ನು ಕಂಟ್ರಾಕ್ಟರ ಯಾವ ಕಟ್ಟಡಕ್ಕೂ ಮತ್ತೆ ಸೇರಿಸುವಂತಿರಲಿಲ್ಲ. ಎಲ್ಲರಿಗೂ ಅದೇ ಬರೆದಿರುತ್ತಿತ್ತಾದ್ದರಿಂದ ನಿಯಮ ಪಾಲಿಸಿದರೆ ಗೋಡೆ ಕಟ್ಟಲು ಯಾರೂ ಉಳಿಯುತ್ತಿರಲಿಲ್ಲ. ಆದ್ದರಿಂದ ಮೂಳೆ ಮುರಿದವರ ವಿಷಯದಲ್ಲಿ ಮಾತ್ರ ಪುಸ್ತಕ ತೆರೆಯುತ್ತಿದ್ದರು. ಕಾರಣ ಬೇರೆ ಇದ್ದರೆ, ಗುಣವಾಗುವ ತನಕ ಹೊಸ ಗೋಡೆಗೆ ನೀರು ಹಾಕುವ ಹಗುರ ಕೆಲಸ ಕೊಟ್ಟು ಇಟ್ಟುಕೊಳ್ಳಬೇಕಾಗಿತ್ತು. ಆ ಎರಡು ಪದ ಇದ್ದರೆ ಮುನಿಯಮ್ಮ ಹೊರಗೆ. ಇಲ್ಲದಿದ್ದರೆ ಒಳಗೆ.

ಆ ಎರಡು ಪದ ಇದ್ದವು. ಹದಿನೇಳನೆಯ ಸಾಲಿನಲ್ಲಿ, ನೇರವಾಗಿ.

ಐದನೆಯ ದಿನ ಅವಳು ಕೈಯನ್ನು ಎದೆಗೆ ಕಟ್ಟಿಕೊಂಡು ನಡೆದು ಬಂದಳು. ನಾನು ಪುಸ್ತಕ ತೆರೆದು ತಾರೀಖು, ಹೆಸರು, ವಸ್ತು, ಜಾಗ ಓದಿ ಹೇಳಿದೆ. ಕೊನೆಯ ಕಾಲಂ ಮೇಲೆ ಅಂಗೈ ಇಟ್ಟುಕೊಂಡಿದ್ದೆ.

"ಕೈ ಕೆಳ್ಗೇನೈತೆ ಸ್ವಾಮಿ?"

"ಏನಿಲ್ಲಮ್ಮ, ಕಾರಣ."

"ಓದಿ."

ಓದಿದೆ. ಅದರ ಅರ್ಥವನ್ನೂ ಹೇಳಬೇಕಾಯಿತು.

"ನಾನು ಮುದ್ದೆ ನುಂಗ್ತಾ ಇದ್ದೆ. ಅದು ಗಂಟಲಿಗೆ ಸಿಕ್ಕಂಡಿದ್ರೆ ನನ್ನ ಗ್ಯಾನ ತಪ್ಪಿತ್ತು ಅಂತ ಬರ್ಕೊಳ್ಳಿ, ಬ್ಯಾಡ ಅನ್ನಲ್ಲ. ಯಾವಾಗ ಬರೆದ್ರಿ ಇದನ್ನ?"

ಸುಳ್ಳು ಹೇಳಬಹುದಾಗಿತ್ತು. ತಾರೀಖಿನ ವಿಷಯದಲ್ಲಿ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

"ಹೋದ ತಿಂಗಳು."

"ಹೋದ ತಿಂಗಳೇ ಗೊತ್ತಿತ್ತಾ ನಿಮ್ಗೆ?" ಎಂದಳು. "ಒಂದು ಮಾತು ಹೇಳಿದ್ರೆ ಆ ಕಡೆ ಕುಂತ್ಕೊತಿದ್ನಲ್ಲ ಸ್ವಾಮಿ."

ತಮಾಷೆಗೆ ಹೇಳಿದಳೋ ನಿಜವಾಗಿ ಕೇಳಿದಳೋ ಈವತ್ತಿಗೂ ನನಗೆ ತಿಳಿಯದು. ನಾನು ಪುಸ್ತಕ ಎತ್ತಿಕೊಂಡು ಶೇಷಗಿರಿರಾಯರ ಹತ್ತಿರ ಹೋದೆ. ಪಾಪಣ್ಣನೂ ಜೊತೆಗೆ ಬಂದ.

"ಕೋತಿ ಸಾರ್," ಎಂದ ಪಾಪಣ್ಣ. "ನಾನೇ ಕಂಡೆ, ಹಲಗೆ ಮೇಲೆ ಕೂತಿತ್ತು."

"ಹಾಜರಿ ಪುಸ್ತಕದಲ್ಲಿ ಕೋತಿ ಹೆಸರಿದೆಯೇನಯ್ಯ?" ಎಂದು ಅವರು ನನ್ನನ್ನು ಕೇಳಿದರು.

"ಇಲ್ಲ ಸಾರ್."

"ಇಲ್ಲದವರ ಮೇಲೆ ಹೆಂಗೆ ಬರೀತೀಯ? ಇರೋರ ಮೇಲೆ ಬರಿ."

"ಆ ಹಾಳೆ ಹರಿದು ಬೇರೆ ಬರೀತೀನಿ ಸಾರ್. ಮಾಲೂರಲ್ಲಿ ಬರೆದ ಹಾಗೆ."

ಅವರು ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಮಾಲೂರಲ್ಲಿ ಏನು ಬರೆದೆ?"

ನಾನು ಪುಸ್ತಕ ಮುಚ್ಚಿಕೊಂಡು ವಾಪಸು ಬಂದೆ. ಈ ಬರಹದಲ್ಲಿ ಎಷ್ಟೋ ಜನರನ್ನು ಹಂಗಿಸಿದ್ದೇನೆ, ನನ್ನನ್ನು ಬಿಡುವುದು ನ್ಯಾಯವಲ್ಲ. ಪುಸ್ತಕ ನನ್ನ ಕೈಯಲ್ಲೇ ಇತ್ತು. ಚಾಕು ಜೇಬಿನಲ್ಲಿತ್ತು. ಅವರನ್ನು ಕೇಳಬೇಕಾಗಿಯೇ ಇರಲಿಲ್ಲ. ಒಂದು ಹಾಳೆ ಹರಿದರೆ ಮುಂದಿನ ಪುಟಸಂಖ್ಯೆಯೆಲ್ಲ ಕೆರೆದು ತಿದ್ದಬೇಕಾಗುತ್ತದೆ, ಪುಸ್ತಕ ಗಲೀಜಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಂಬಳಕಾಯಿಗಾಗಿ ಗಲೀಜಾಗಬಹುದಾಗಿದ್ದ ಪುಸ್ತಕ ಮುನಿಯಮ್ಮನಿಗಾಗಿ ಶುದ್ಧವಾಗಿ ಉಳಿಯಿತು. ಮಾರನೆಯ ದಿನ ಹಾಜರಿಯಿಂದ ಅವಳ ಹೆಸರು ಹೊಡೆದೆ. ಅದನ್ನೂ ಅಡಿಗೋಲಿಟ್ಟು ಹೊಡೆದೆ. ಅಷ್ಟು ಬಾಯಿ ಇದ್ದವಳು ಏನೂ ಅನ್ನದೆ ಹೋದದ್ದು ದಿನಚರಿಯಲ್ಲಿದೆ.

ಅಂದಿನಿಂದ ನಾನು ಕಾರಣವನ್ನು ಮೊದಲೇ ಬರೆಯುವುದನ್ನು ಬಿಟ್ಟೆ. ದೊಡ್ಡ ಧೈರ್ಯವೇನಲ್ಲ. ಶೇಷಗಿರಿರಾಯರು ತಾವೇ ಬರೆಯತೊಡಗಿದರು, ಸಾಲು ಡೊಂಕಾಗಿ ಬರುತ್ತಿತ್ತು.

ಬದಲಾವಣೆ ಬಂದದ್ದು ಯುದ್ಧದಿಂದ. ಶ್ರೀನಿವಾಸಪುರದಲ್ಲಿ ಮಾವಿನ ವರ್ತಕರಿಗೆ ಉಗ್ರಾಣ ಕಟ್ಟುತ್ತಿದ್ದೆವು. ಸಿಮೆಂಟು ಸಿಗುವುದೇ ಕಷ್ಟವಾಗಿತ್ತು. ಸಿಕ್ಕ ಮೂಟೆಗಳಿಗೆ ಬಿಸಿಲು, ಇಬ್ಬನಿ ತಾಗಬಾರದು, ಮೇಲಿನಿಂದ ಏನಾದರೂ ಬಿದ್ದು ಒಡೆಯಬಾರದು ಎಂದು ಕಂಟ್ರಾಕ್ಟರು ಗೋಡೆಯಿಂದ ದೂರದಲ್ಲಿ ಒಂದು ಭರ್ಜರಿ ಚಪ್ಪರ ಹಾಕಿಸಿದರು. ನಾನು ಮಾಲೂರಿನಲ್ಲಿ ಕೇಳಿದ್ದಕ್ಕಿಂತ ದೊಡ್ಡದು. ಆಳುಗಳು ಊಟದ ಹೊತ್ತಿಗೆ ಮೂಟೆಗಳ ನಡುವೆ ನುಸುಳಿ ಕೂರಲು ಶುರುಮಾಡಿದರು, ಹೇಗೂ ಮೂಟೆ ಕಾದಂತಾಗುತ್ತದಲ್ಲ ಎಂದು ಯಾರೂ ಬೈಯಲಿಲ್ಲ. ಒಂದು ವರ್ಷದ ನನ್ನ ಲೆಕ್ಕದಲ್ಲಿ ಊಟದ ಹೊತ್ತಿನ ಗಾಯ ಒಂದೂ ಇಲ್ಲ. ಮನುಷ್ಯರಿಗೆ ಸಿಗದ ನೆರಳು ಸಿಮೆಂಟಿನ ಕೃಪೆಯಿಂದ ಸಿಕ್ಕಿತು.

ಹಗ್ಗವೂ ಸಿಗುತ್ತಿರಲಿಲ್ಲ. ಹಳೆಯ ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕಿ ಸಾರುವೆ ಕಟ್ಟುತ್ತಿದ್ದರು. ೧೯೪೪ ಆಗಸ್ಟ್ ೨೨, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ನಾನು ಮೊದಲಲ್ಲೇ ಹೇಳಿದ ಆ ಗಳು ಅಂಥ ಗಂಟೊಂದರಿಂದ ಜಾರಿತು. ಬಿದ್ದಾಗ ನಾನು ಅದೇ ಸಾರುವೆಯ ಕೆಳಗೆ ನಿಂತು ಹಿಂದಿನ ದಿನ ಬಿದ್ದವನ್ನು ಎಣಿಸುತ್ತಿದ್ದೆ. ಆರು ವಾರದ ಮೇಲೆ ಹೊಸ ಗುಮಾಸ್ತನ ಹತ್ತಿರ ನನ್ನ ಸಾಲನ್ನು ನೋಡಿದೆ. ಕಾರಣ: ಸ್ವಂತ ಅಜಾಗರೂಕತೆ. ನನ್ನ ವಿಷಯದಲ್ಲಿ ಅದು ಮುಕ್ಕಾಲು ಭಾಗ ಸರಿ, ಜಗಳವಾಡಲಿಲ್ಲ. ಕೆಲಸಕ್ಕೆ ಸೇರುವ ಹುಡುಗರಿಗೆ ನನ್ನ ಬುದ್ಧಿಮಾತು ಇದೊಂದೇ: ಎಣಿಸುವುದಿದ್ದರೆ ದೂರ ನಿಂತು ಎಣಿಸಿ, ಬರೆಯುವುದಿದ್ದರೆ ಆದ ಮೇಲೆ ಬರೆಯಿರಿ.

ಕಂಟ್ರಾಕ್ಟರ ವ್ಯವಹಾರ ಮುಚ್ಚಿದಾಗ ಹಳೆಯ ಪುಸ್ತಕಗಳನ್ನು ಒಲೆಗೆ ಹಾಕಲು ತೆಗೆದಿಟ್ಟಿದ್ದರು. ಮುಳಬಾಗಿಲಿನ ಗಾಯದ ಪುಸ್ತಕವನ್ನು ನಾನು ಕೇಳಿ ತಂದುಕೊಂಡೆ. ಕಳೆದ ವರ್ಷ ಗಾಡಿ ಮಾಡಿಕೊಂಡು ದೇವರಾಯಸಮುದ್ರಕ್ಕೆ ಹೋದೆ. ಅತ್ತೆ ತೀರಿಕೊಂಡಿದ್ದಳು. ಕೆರೆಯ ಏರಿಯ ಹತ್ತಿರದ ಮನೆ ಬಿದ್ದಿತ್ತು. ಮುನಿಯಮ್ಮ ನಂಗಲಿಯ ಕಡೆ ಯಾವುದೋ ಇಟ್ಟಿಗೆ ಗೂಡಿಗೆ ಹೋದಳು ಎಂದು ಒಬ್ಬರು, ಗಡಿಯಾಚೆಗೆ ಎಂದು ಇನ್ನೊಬ್ಬರು. ಬಲಗೈಯಲ್ಲಿ ಭಾರ ಎತ್ತಲಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಹೇಳಿದರು. ಪಾಪಣ್ಣನಿಗೂ ಹೇಳಿ ಕಳಿಸಿದ್ದೆ, ಅವನಿಗೂ ಗೊತ್ತಿಲ್ಲವಂತೆ.

ಹದಿನೇಳನೆಯ ಸಾಲಿನ ಆ ಎರಡು ಪದಗಳನ್ನು ಹೊಡೆದು, ಇಂದಿನ ತಾರೀಖು ಹಾಕಿ ರುಜು ಮಾಡಿದ್ದೇನೆ. ಅವುಗಳ ಜಾಗದಲ್ಲಿ ಗುಂಡು, ಕೋತಿ, ಹಲಗೆ, ನೆರಳು, ನಾನು ಎಂದು ಏನೇನೋ ಬರೆಯಬಹುದು. ಬರೆದಿಲ್ಲ. ಆ ಜಾಗ ಖಾಲಿ ಇದೆ. ಇಷ್ಟು ವರ್ಷದ ಮೇಲೂ ಅವಳ ಪರವಾಗಿ ನಾನೇ ಊಹಿಸಿ ತುಂಬುವುದು ಸರಿಯಲ್ಲ.

ದೇವರಾಯಸಮುದ್ರದಿಂದ ಮುಳಬಾಗಿಲಿನ ಛತ್ರದ ಕೆಲಸಕ್ಕೆ ಬರುತ್ತಿದ್ದ, ಬಲಗಡೆಯ ಕೊರಳ ಮೂಳೆ ಗಂಟಾಗಿ ಕೂಡಿಕೊಂಡಿರುವ, ಈಗ ನಲವತ್ತರ ಆಸುಪಾಸಿನ ಮುನಿಯಮ್ಮ ಎಲ್ಲಿದ್ದಾಳೆಂದು ಬಲ್ಲವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಬೇಕು. ಅವಳೇ ಸಿಕ್ಕರೆ, ಏಪ್ರಿಲ್ ಹದಿನೆಂಟರಂದು ಅವಳಿಗೆ ಪೆಟ್ಟಾದದ್ದು ಯಾಕೆ ಎಂದು ಕೇಳಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಬೇಕು. ಉದ್ದವಾದರೆ ಚಿಂತೆಯಿಲ್ಲ. ಬೈಗುಳ ಇದ್ದರೆ ಅದನ್ನೂ ಬಿಡಬೇಡಿ, ನನ್ನ ಹೆಸರು ಬಂದರೆ ಅದನ್ನೂ. ಕಾಲಂ ಸಾಲದಿದ್ದರೆ ಹಾಳೆ ಅಂಟಿಸಿಕೊಳ್ಳುತ್ತೇನೆ.